ಸಯನ್ಯೂರಿಕ್ ಕ್ಲೋರೈಡ್‌ಗೆ ಒಂದೇ ಅಮೀನ್ ಸೇರಿಸುವುದು ಹೇಗೆ?

ಸಯನ್ಯೂರಿಕ್ ಕ್ಲೋರೈಡ್‌ಗೆ ರೂಮ್ ಟೆಂಪರೇಚರ್‌ನಲ್ಲಿ ಅಮೀನ್ (ನೈಟ್ರೋಜನ್ ಇರುವ ಸಾವಯವ ಸಂಯುಕ್ತ) ಹಾಕಿದರೆ ಒಂದರ ಬದಲು ಎರಡು ಸೇರಿಕೊಳ್ಳುತ್ತಿದೆ ಅಂದಿದ್ದೀರಿ. ಅದು ಹಾಗೇ ಆಗುತ್ತೆ ಬಿಡಿ, ತಪ್ಪು ತಾಪಮಾನದ್ದು. ಇದರ ಟ್ರೈಅಜೀನ್ ರಿಂಗ್‌ಗೆ (ಕಾರ್ಬನ್ ಮೂರು, ನೈಟ್ರೋಜನ್ ಮೂರು ಇರುವ ಉಂಗುರ) ಅಂಟಿದ ಮೂರು ಕ್ಲೋರಿನ್‌ಗಳಲ್ಲಿ ಮೊದಲನೆಯದು 0 ಡಿಗ್ರಿಯಲ್ಲೇ ಹೋಗುತ್ತದೆ, ಎರಡನೆಯದಕ್ಕೆ ರೂಮ್ ಟೆಂಪರೇಚರ್ ಸಾಕು, ಮೂರನೆಯದಕ್ಕೆ ಸಾಮಾನ್ಯವಾಗಿ 60 ಡಿಗ್ರಿ ದಾಟಿ ಕಾಯಿಸಬೇಕು. ಒಂದು ಅಮೀನ್ ಕೂತ ಮೇಲೆ ಅದರ ನೈಟ್ರೋಜನ್ ರಿಂಗ್‌ಗೆ ಎಲೆಕ್ಟ್ರಾನ್ ಕೊಡುತ್ತದೆ, ಉಳಿದ ಕ್ಲೋರಿನ್‌ಗಳು ಮಂಕಾಗುತ್ತವೆ, ಅಂದರೆ ಅಷ್ಟು ಸುಲಭಕ್ಕೆ ರಿಯಾಕ್ಟ್ ಆಗುವುದಿಲ್ಲ.

ಸಯನ್ಯೂರಿಕ್ ಕ್ಲೋರೈಡ್ ಪುಡಿಯನ್ನು ಅಸಿಟೋನ್‌ನಲ್ಲಿ ಕರಗಿಸಿ, ಚೆನ್ನಾಗಿ ಕಲಕುತ್ತಾ ಐಸ್ ನೀರಿಗೆ ಸುರಿಯಿರಿ. ನುಣ್ಣಗೆ ಬಿಳಿ ಹಾಲಿನಂತೆ ಬರುತ್ತದೆ. ಅಮೀನ್ ಒಂದೇ ಈಕ್ವಿವಲೆಂಟ್ (ಒಂದು ಅಣುವಿಗೆ ಒಂದು ಅಣುವಿನ ಲೆಕ್ಕ), ಹನಿ ಹನಿಯಾಗಿ. ಹೊರಬರುವ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಸಿಡ್) ಹಿಡಿಯಲು ಬೇಸ್ (ಕ್ಷಾರ) ಕೂಡ ಒಂದೇ ಈಕ್ವಿವಲೆಂಟ್, ನಿಧಾನಕ್ಕೆ. ಬೇಸ್ ಎಲ್ಲ ಒಟ್ಟಿಗೆ ಸುರಿದರೆ ಕ್ಲೋರಿನ್ ಜಾಗಕ್ಕೆ ನೀರೇ ಬಂದು ಕೂರುತ್ತದೆ. ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್) ಮಾತ್ರ ಬೇಡ, ಅದು ಸುಮ್ನೆ ಕೂರುವ ಸಾಲ್ವೆಂಟ್ ಅಲ್ಲ, ತಾನೇ ರಿಯಾಕ್ಟ್ ಆಗಿ ಗ್ಯಾಸ್ ಬಿಡುತ್ತೆ.

ಬಾಟಲಿ ಹಳೆಯದಾ? ಅಸಿಟೋನ್‌ನಲ್ಲಿ ಕರಗದ ಬಿಳಿ ಪುಡಿ ಉಳಿದರೆ ತೇವ ಕುಡಿದು ಸಯನ್ಯೂರಿಕ್ ಆಸಿಡ್ ಆಗಿರುವ ಸಾಧ್ಯತೆ ಜಾಸ್ತಿ. ಸರಿಯಾದ ಮಾಲು 146 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಫ್ಯೂಮ್ ಹುಡ್ (ಲ್ಯಾಬ್‌ನಲ್ಲಿ ಗಾಳಿ ಹೊರಗೆಳೆಯುವ ಕಪಾಟು) ಬಿಟ್ಟು ತೂಕ ಮಾಡಬೇಡಿ, ಧೂಳು ಕಣ್ಣು, ಗಂಟಲು ಎರಡನ್ನೂ ಸುಡುತ್ತದೆ.

ಸಯನ್ಯೂರಿಕ್ ಕ್ಲೋರೈಡ್‌ನ ಉಪಯೋಗವನ್ನೂ ಕೇಳಿದ್ದಿರಲ್ವಾ? ಅಟ್ರಜೀನ್ ಕಳೆನಾಶಕ ಇದರಿಂದಲೇ: ಒಂದು ಕಡೆ ಐಸೋಪ್ರೊಪೈಲ್ ಅಮೀನ್, ಇನ್ನೊಂದು ಕಡೆ ಈಥೈಲ್ ಅಮೀನ್, ಮೂರನೇ ಕ್ಲೋರಿನ್ ಹಾಗೇ ಉಳಿಯುತ್ತದೆ. 1956ರಲ್ಲಿ ಬ್ರಿಟನ್‌ನ ರಾಸಾಯನಿಕ ಕಂಪನಿ ಐಸಿಐ ತಂದ ಪ್ರೋಸಿಯಾನ್ ಬಣ್ಣಗಳಲ್ಲಿ ಉಳಿದ ಕ್ಲೋರಿನ್‌ಗಳೇ ಹತ್ತಿ ನೂಲಿಗೆ ಬಣ್ಣವನ್ನು ಗಟ್ಟಿಯಾಗಿ ಕಟ್ಟುತ್ತವೆ.