ಖರಾಬು ಎಂದವರು ಯಾರು?

ಸಿದ್ದಾಪುರ ಸೀಮೆಯ ಅಡಿಕೆ ಬೆಳೆಗಾರರೊಬ್ಬರ ಪತ್ರ: ‘ತೋಟದ ಮೇಲ್ಗಡೆ ಎರಡು ಎಕರೆ ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು ಕಾಡು) ಇದೆ. ಮೊಣಕಾಲುದ್ದ ಕೆಸರು, ಉಂಬಳ (ಜಿಗಣೆ). ಪಹಣಿಯಲ್ಲೂ ಖರಾಬು. ಬೇಸಿಗೆಯಲ್ಲೂ ಅಬ್ಬಿ (ಗುಡ್ಡದಿಂದ ಹರಿದು ಬರುವ) ನೀರು ಬತ್ತದ ಜಾಗ. ಬಸಿಗಾಲುವೆ ತೋಡಿ ಅಡಿಕೆ ಹಾಕಿದರೆ ತಪ್ಪೇನು? ಇಂಥ ಕೆಸರಿಗೆ ನೀವು ಪತ್ರಿಕೆಯಲ್ಲಿ ನಾಲ್ಕು ಪುಟ ಕೊಟ್ಟದ್ದು ಅತಿಯಾಯಿತು.’

ಮಾನ್ಯರೇ, ಕೊಳೆರೋಗ, ಎಲೆಚುಕ್ಕಿ, ಕೊನೆ ಇಳಿಸಲು ಆಳಿಲ್ಲದ ಕಷ್ಟ ನನಗೂ ಗೊತ್ತು. ಎರಡೆಕರೆ ಹೆಚ್ಚಿಗೆ ಸಿಕ್ಕರೆ ಯಾರಿಗೆ ಬೇಡ? ಇಷ್ಟು ಒಪ್ಪಿಕೊಂಡು ಜಗಳಕ್ಕೆ ಇಳಿಯುತ್ತೇನೆ.

ಉತ್ತು ಬಿತ್ತಲಾಗದ, ಕಂದಾಯ ಹುಟ್ಟದ ನೆಲಕ್ಕೆ ಭೂಮಿ ಅಳೆಯುವ ಮೋಜಣಿಯವರು ಹಚ್ಚಿದ ಹೆಸರು ಖರಾಬು. ಹಳ್ಳ, ಬಂಡಿದಾರಿ, ಸ್ಮಶಾನವನ್ನೂ ಅವರು ಅದೇ ಕಲಮಿಗೆ ಸೇರಿಸಿದ್ದಾರೆ. ಅವನ್ನೂ ತೋಟ ಮಾಡುತ್ತೀರಾ?

ಇಂಥದೇ ಜಡ್ಡಿ ಇರುವ, ನಿಮ್ಮ ತಾಲ್ಲೂಕಿನದೇ ಕಾಡು ಕತ್ತಲೆಕಾನಿಗೆ ಒಮ್ಮೆ ಹೋಗಿ ಬನ್ನಿ. ನಾನು ಹೋದಾಗ ಮಧ್ಯಾಹ್ನ ಹನ್ನೆರಡಕ್ಕೇ ದೀಪ ಹಚ್ಚುವ ಹೊತ್ತಿನಂತಿತ್ತು. ಕಲ್ಲೆಂದು ಕಾಲಿಟ್ಟದ್ದು ಬೇರು! ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿದಂತೆ ಬಾಗಿ, ಮತ್ತೆ ಕೆಸರಿಗೇ ಇಳಿದಿತ್ತು. ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲ, ಹಾಗಾಗಿ ಈ ಜಡ್ಡಿಮರಗಳು ಬೇರಿನ ಮಂಡಿಯಿಂದಲೇ ಉಸಿರಾಡುತ್ತವೆ. ಅವುಗಳ ಬೀಜ ಒಣಗಿದರೆ ಸತ್ತಂತೆ. ನೀವು ನೀರು ಬಸಿದರೆ ನಿಂತ ಮರ ಉಳಿದರೂ ಸಸಿ ಏಳುವುದಿಲ್ಲ. ಕರಿಗೇರಿನ ವಂಶದ ಒಂದು ಜಡ್ಡಿಮರಕ್ಕೆ ಆ ಕಾನಿನ ಹೆಸರನ್ನೇ ಇಟ್ಟು ವಿಜ್ಞಾನಿಗಳು ಲೋಕಕ್ಕೆ ಪರಿಚಯಿಸಿದ್ದು 2000ರಲ್ಲಿ. 2014ರಲ್ಲಿ ಕುಂಬಾರ ಕಪ್ಪೆಯ ಸರದಿ. ಅದರ ಗಂಡು ಮುಂಗೈಯಲ್ಲಿ ಕೆಸರೆತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. ನೀವು ಬೈದ ಕೆಸರೇ, ಸ್ವಾಮಿ.

ನಿಮ್ಮೊಬ್ಬರನ್ನೇ ದೂರಿ ಏನು ಫಲ? ಬೆಂಗಳೂರಿಗರು ಧರ್ಮಾಂಬುಧಿ ಕೆರೆಯ ಮೇಲೆ ಬಸ್ ನಿಲ್ದಾಣ ಕಟ್ಟಿದರು, ಸಂಪಂಗಿ ಕೆರೆಯ ಮೇಲೆ ಕ್ರೀಡಾಂಗಣ. ಮಳೆ ಬಂದಾಗ ‘ರಸ್ತೆಗೆ ನೀರು ನುಗ್ಗಿತು’ ಎಂದು ನಮ್ಮ ಪತ್ರಿಕೆಗಳು ಬರೆಯುತ್ತವೆ. ನೀರಿನ ಮನೆಗೆ ನುಗ್ಗಿದವರು ನಾವು, ಆದರೆ ಹಾಗೆ ಶೀರ್ಷಿಕೆ ಕೊಟ್ಟ ಉಪಸಂಪಾದಕನನ್ನು ನಾನಂತೂ ಕಂಡಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಆ ಅಬ್ಬಿ ನೀರಿನ ಮಾತು. ಏಪ್ರಿಲ್‌ನಲ್ಲಿ ಅಬ್ಬಿಯ ಮೂಲ ಹುಡುಕಿಕೊಂಡು ಗುಡ್ಡ ಹತ್ತಿ, ಕಾಲು ಎಲ್ಲಿ ಹೂತುಕೊಂಡಿತೆಂದು ಬರೆಯಿರಿ. ನಾಲ್ಕು ಪುಟ ನಿಮಗೂ ಕೊಡುತ್ತೇನೆ.

– ಸಂ.