ಬಿಸಿಲು ಯಾವ ಗೋಡೆಯ ಮೇಲಿದೆ? ಸ್ಪೇನಿನ ಸುಣ್ಣಕಲ್ಲಿಗೆ ಹೊರಟವರಿಗೆ

ಪ್ರಶ್ನೆ: ನಾಲ್ಕು ವರ್ಷಗಳಿಂದ ರಾಮನಗರದಲ್ಲಿ, ವರ್ಷಕ್ಕೊಮ್ಮೆ ಬಾದಾಮಿಯಲ್ಲಿ ಬಂಡೆ ಹತ್ತುತ್ತಿದ್ದೇನೆ, ಬಾದಾಮಿಯಲ್ಲಿ 6ಬಿ ದರ್ಜೆಯ (ಅಂಕಿ, ಅಕ್ಷರ ಏರಿದಂತೆ ಕಷ್ಟವೂ ಏರುವ ಅಳತೆ) ಮಾರ್ಗಗಳನ್ನು ಲೀಡ್ ಮಾಡಬಲ್ಲೆ, ಅಂದರೆ ಹಗ್ಗವನ್ನು ಸಿಕ್ಕಿಸುತ್ತ ಮೊದಲಿಗನಾಗಿ ಹತ್ತಬಲ್ಲೆ. ಡಿಸೆಂಬರ್ ಕೊನೆಯಲ್ಲಿ ಪತ್ನಿಯೊಂದಿಗೆ ಹತ್ತು ದಿನ ಸ್ಪೇನಿನ ಕೋಸ್ಟಾ ಬ್ಲಾಂಕಾ ಕರಾವಳಿಗೆ ಹೋಗುತ್ತಿದ್ದೇನೆ. ಆಕೆಗೆ ಚಾರಣ ಮಾತ್ರ ಇಷ್ಟ. ಅಲ್ಲಿನ ಸುಣ್ಣಕಲ್ಲು ನಮ್ಮ ಕಲ್ಲಿಗಿಂತ ಹೇಗೆ ಬೇರೆ? ಚಳಿಗಾಲದಲ್ಲೂ ಬಿಸಿಲಿರುತ್ತದೆ ಎನ್ನುವುದನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ: ಬಿಸಿಲನ್ನು ನಂಬಬಹುದು, ಆದರೆ ಅದು ನೀವು ನಿಂತ ಗೋಡೆಯ ಮೇಲೆ ಬೀಳುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿದ್ದರೆ, ಕೋಸ್ಟಾ ಬ್ಲಾಂಕಾ ಇರುವ ಅಲಿಕಾಂಟೆ ಪ್ರಾಂತದಲ್ಲಿ ಸುಮಾರು 28 ಡಿಗ್ರಿ ಮಾತ್ರ ಏರುತ್ತಾನೆ. ಇಷ್ಟು ತಗ್ಗಿನಿಂದ ಬರುವ ಬಿಸಿಲು ದಕ್ಷಿಣಕ್ಕೆ ಮುಖಮಾಡಿದ ಕಡಿದಾದ ಗೋಡೆಗೆ ನೇರವಾಗಿ ಬೀಳುವುದರಿಂದ, ಗಾಳಿ ತಣ್ಣಗಿದ್ದರೂ ಅಲ್ಲಿ ಅಂಗಿಯೊಂದರಲ್ಲೇ ಹತ್ತಬಹುದು; ಅದೇ ಬೆಟ್ಟದ ಉತ್ತರ ಮಗ್ಗುಲಲ್ಲಿ ಮಾತ್ರ ಬೆರಳು ಮರಗಟ್ಟುತ್ತದೆ. ಆದ್ದರಿಂದ ಮಾರ್ಗದ ದರ್ಜೆಗೆ ಮೊದಲು ಗೋಡೆಯ ದಿಕ್ಕನ್ನು ನೋಡಿ ಸ್ಥಳ ಆರಿಸಿಕೊಳ್ಳಿ. ಹಗಲು ಅಲ್ಲಿ ಒಂಬತ್ತೂವರೆ ಗಂಟೆಯಷ್ಟೇ, ಸೂರ್ಯೋದಯವಾಗುವಾಗ ಗಡಿಯಾರ ಎಂಟೂಕಾಲು ತೋರಿಸುತ್ತಿರುತ್ತದೆ. ರಾಮನಗರದಲ್ಲಿ ಬಿಸಿಲಿಗೆ ಹೆದರಿ ಕತ್ತಲಲ್ಲೇ ಹೊರಡುವ ನಿಮ್ಮ ಅಭ್ಯಾಸ ಅಲ್ಲಿ ತಿರುಗುಮುರುಗಾಗುತ್ತದೆ: ಬೆಳಿಗ್ಗೆ ನಿಧಾನಿಸಿದರೂ ನಡೆಯುತ್ತದೆ, ಸಂಜೆಗೆ ಹೆಡ್‌ಲ್ಯಾಂಪ್ ಇಲ್ಲದೆ ಆಗದು.

ಇನ್ನು ಕಲ್ಲಿನ ವಿಷಯ. ರಾಮನಗರದ ಕಗ್ಗಲ್ಲಿನ ಇಳಿಜಾರಿನಲ್ಲಿ ಹಿಡಿಯೇ ಇಲ್ಲದಿದ್ದರೂ ಶೂ ಒತ್ತಿ ನಿಲ್ಲಬಹುದು, ಏಕೆಂದರೆ ಹರಳು ಹರಳಾದ ಅದರ ಮೈ ರಬ್ಬರನ್ನು ಕಚ್ಚಿ ಹಿಡಿಯುತ್ತದೆ. ಸುಣ್ಣಕಲ್ಲು ನೀರಿನಲ್ಲಿ ಕರಗುವ ಕಲ್ಲು. ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಸೇರಿ ತುಸು ಆಮ್ಲೀಯವಾದ ಮಳೆನೀರು ಅದರಲ್ಲಿ ಬೆರಳು ತೂರುವಷ್ಟು ಗುಳಿಗಳನ್ನೂ ಚೂಪಾದ ಅಂಚುಗಳನ್ನೂ ಕೊರೆಯುತ್ತದೆ. ಬೇರೆಡೆ ಅದೇ ಸುಣ್ಣವನ್ನು ಇಳಿಸಿ ಗೋಡೆಯುದ್ದಕ್ಕೂ ಜೋತುಬಿದ್ದ ಕಂಬಗಳನ್ನು ಬೆಳೆಸುತ್ತದೆ. ಹಿಡಿಗಳು ಧಾರಾಳವಾಗಿವೆ, ಆದರೆ ಕಲ್ಲು ಮೃದುವಾದ್ದರಿಂದ ಸಾವಿರಾರು ಜನ ಹತ್ತಿದ ಸುಲಭ ಮಾರ್ಗಗಳಲ್ಲಿ ಕಾಲಿಡುವ ಜಾಗಗಳು ಹಳೆಯ ದೇವಸ್ಥಾನದ ಹೊಸ್ತಿಲಿನಂತೆ ನುಣುಪಾಗಿ ಹೊಳೆಯುತ್ತಿರುತ್ತವೆ. ಪ್ರಸಿದ್ಧವಾದ 5ರ ದರ್ಜೆಯ ಮಾರ್ಗವೊಂದು ಹೆಚ್ಚು ಜನ ಮುಟ್ಟದ 6ಎ ಮಾರ್ಗಕ್ಕಿಂತ ಹೆಚ್ಚು ಅಂಜಿಸುವುದುಂಟು. ಮೊದಲ ಎರಡು ದಿನ ನಿಮ್ಮ ದರ್ಜೆಗಿಂತ ಎರಡು ಮೆಟ್ಟಿಲು ಕೆಳಗೇ ಹತ್ತಿ. ಮಳೆಯ ನಂತರದ ಲೆಕ್ಕವೂ ಬೇರೆ: ನೆನೆದ ಮರಳುಗಲ್ಲು ಬಲ ಕಳೆದುಕೊಂಡು ಹಿಡಿ ಮುರಿಯಬಹುದಾದ್ದರಿಂದ ಬಾದಾಮಿಯಲ್ಲಿ ಕಾಯಲೇಬೇಕು, ಆದರೆ ಸುಣ್ಣಕಲ್ಲಿನ ಬಯಲು ಗೋಡೆ ಬಿಸಿಲು ಬಿದ್ದರೆ ಬೇಗ ಒಣಗುತ್ತದೆ, ಕಂಬಗಳಿರುವ, ಮುಂದಕ್ಕೆ ಚಾಚಿದ ಗೋಡೆಗಳಲ್ಲಿ ಮಾತ್ರ ಒಳಗಿನ ನೀರು ದಿನಗಟ್ಟಲೆ ಜಿನುಗುತ್ತಿರುತ್ತದೆ.

ಹಗ್ಗದ ಇನ್ನೊಂದು ತುದಿಯಲ್ಲಿ ಯಾರಿರುತ್ತಾರೆಂದು ನೀವು ಬರೆದಿಲ್ಲ. ಜೊತೆಗಾರರಿಲ್ಲದಿದ್ದರೆ ಅರ್ಹ ಗೈಡ್ ಒಬ್ಬರನ್ನು ಇಲ್ಲಿಂದಲೇ ಗೊತ್ತುಮಾಡಿಕೊಳ್ಳಿ. ಬಿಲೇ ಮಾಡುವುದನ್ನು, ಅಂದರೆ ಕೆಳಗೆ ನಿಂತು ಹತ್ತುವವರ ಹಗ್ಗವನ್ನು ಸಾಧನವೊಂದರಿಂದ ಹಿಡಿದು ಕಾಯುವುದನ್ನು, ಪತ್ನಿಗೆ ರಜೆಯ ಮೊದಲ ದಿನ ಕಲಿಸುವ ಯೋಚನೆ ಬೇಡ. ಆರಂಭಕ್ಕೆ ಒಳನಾಡಿನ ಸೆಲ್ಲಾ ಕಣಿವೆಯ ಬಿಸಿಲು ಬೀಳುವ ಗೋಡೆಗಳು ಸೂಕ್ತ. 70 ಮೀಟರಿನ ಹಗ್ಗ ಒಯ್ಯಿರಿ ಮತ್ತು ಪ್ರತಿ ಬಾರಿಯೂ ಅದರ ಕೊನೆಗೆ ಗಂಟು ಹಾಕಿರಿ, ಏಕೆಂದರೆ ಕೆಳಗಿಳಿಸುವಾಗ ಹಗ್ಗ ಸಾಲದೆ ತುದಿ ಬಿಲೇ ಸಾಧನದಿಂದ ಜಾರಿಹೋಗುವುದು ಎಲ್ಲ ದೇಶಗಳಲ್ಲೂ ಮರುಕಳಿಸುವ ಅಪಘಾತ. ಪುಯಿಗ್ ಕಂಪಾನಾ ಬೆಟ್ಟದ ಉದ್ದನೆಯ ಮಾರ್ಗಗಳು ಆಕರ್ಷಕವಾಗಿದ್ದರೂ ಡಿಸೆಂಬರಿನ ಗಿಡ್ಡ ಹಗಲಿನಲ್ಲಿ, ಅದೂ ಮೊದಲ ಭೇಟಿಯಲ್ಲಿ, ನಾನು ಸೂಚಿಸಲಾರೆ.

ಚಾರಣದ ಮಟ್ಟಿಗೆ ನಿಮ್ಮ ಪತ್ನಿಯವರೇ ಹೆಚ್ಚು ಅದೃಷ್ಟವಂತರು. ಕಾಲ್ಪೆ ಪಟ್ಟಣದ ಸಮುದ್ರದಿಂದ 332 ಮೀಟರ್ ನೆಟ್ಟಗೆ ಎದ್ದ ಇಫಾಕ್ ಬಂಡೆಯನ್ನು ಸುರಂಗವೊಂದರ ಮೂಲಕ ನಡೆದೇ ಏರಬಹುದು. ಸುರಂಗದಾಚೆ ದಾರಿ ನುಣುಪಾಗಿದೆ, ಹೋಗುವವರ ಸಂಖ್ಯೆಗೆ ಮಿತಿಯೂ ಇರುವುದರಿಂದ ಮುಂಗಡ ನೋಂದಣಿ ಮಾಡಿಸಿ. ನನಗೆ ಅದಕ್ಕಿಂತ ಮೆಚ್ಚುಗೆಯಾದದ್ದು ಲಗ್ವಾರ್ ಕಣಿವೆ. ಫ್ಲೇಶ್ ಹಳ್ಳಿಯಿಂದ ಕಮರಿಗಿಳಿದು ಮತ್ತೆ ಮತ್ತೆ ಏರುವ ಸುಮಾರು 14 ಕಿಲೋಮೀಟರಿನ ಆ ಸುತ್ತಿನಲ್ಲಿ 6,000ಕ್ಕೂ ಹೆಚ್ಚು ಕಲ್ಲಿನ ಮೆಟ್ಟಿಲುಗಳಿವೆ. ಮೊರಿಸ್ಕೊ ಎಂದು ಕರೆಯಲಾಗುತ್ತಿದ್ದ, ಬಲವಂತವಾಗಿ ಮತಾಂತರಗೊಂಡ ಮುಸ್ಲಿಮರ ವಂಶಸ್ಥರು 1609ರಲ್ಲಿ ಗಡೀಪಾರಿನ ಆಜ್ಞೆಗೆ ಎದುರು ನಿಂತದ್ದು ಇದೇ ಕಣಿವೆಯ ಬೆಟ್ಟದ ಮೇಲೆ. ಸುಣ್ಣಕಲ್ಲಿನ ನೆಲ ಬಿದ್ದ ಮಳೆಯನ್ನೆಲ್ಲ ಬಿರುಕುಗಳಲ್ಲಿ ನುಂಗಿಬಿಡುವುದರಿಂದ ದಾರಿಯಲ್ಲಿ ತೊರೆ ಸಿಗುತ್ತದೆ ಎಂದು ನಂಬದೆ ತಲಾ ಎರಡು ಲೀಟರಾದರೂ ನೀರು ಹೊತ್ತುಕೊಳ್ಳಬೇಕು. ಒಣಗಿ ಮಲಗಿದ ಕಮರಿ ಜೋರು ಮಳೆಗೆ ಹಠಾತ್ತನೆ ತುಂಬಿ ಹರಿಯಬಲ್ಲದು, ಮಳೆಯ ಮುನ್ಸೂಚನೆ ಇದ್ದ ದಿನ ಇಳಿಯಬೇಡಿ.

ವಿಮೆಯ ಬಗ್ಗೆ ಒಂದು ಮಾತು: ಸ್ಪೇನಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ, ಆದರೆ ಹಲವು ಪಾಲಿಸಿಗಳು ಬಂಡೆ ಹತ್ತುವುದನ್ನು ಸಾಹಸ ಕ್ರೀಡೆಯೆಂದು ಹೊರಗಿಡುತ್ತವೆ. ಷರತ್ತುಗಳನ್ನು ಓದಿ. ತುರ್ತು ಸಹಾಯದ ಸಂಖ್ಯೆ 112.

ಪ್ರಶ್ನೆ: ಸಮುದ್ರದ ಪಕ್ಕದ ಬಂಡೆಗಳಲ್ಲಿ ಹಗ್ಗ ಸಿಕ್ಕಿಸಲು ಕಲ್ಲು ಕೊರೆದು ಕೂರಿಸಿದ ತುಕ್ಕಿಲ್ಲದ ಸ್ಟೀಲ್ ಬೋಲ್ಟ್ ಕೂಡ ಮುರಿಯುತ್ತದಂತೆ, ನಿಜವೇ?

ಉತ್ತರ: ನಿಜ. ಉಪ್ಪಿನ ಕ್ಲೋರೈಡ್ ಮತ್ತು ಬೋಲ್ಟಿನೊಳಗಿನ ಎಳೆತ ಎರಡೂ ಕೂಡಿದಾಗ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕೂದಲೆಳೆಯಂಥ ಬಿರುಕುಗಳು ಹರಡುತ್ತವೆ. ಮೇಲ್ನೋಟಕ್ಕೆ ಚೊಕ್ಕಟವಾಗಿ ಕಾಣುವ ಬೋಲ್ಟ್ ದೇಹದ ಭಾರಕ್ಕೇ ತುಂಡಾದ ಉದಾಹರಣೆಗಳು ಥಾಯ್ಲೆಂಡಿನ ಕಡಲತಡಿಯ ಸುಣ್ಣಕಲ್ಲಿನಲ್ಲಿ ದಾಖಲಾಗಿವೆ. ಅಲ್ಲಿ ಈಗ ಅಂಟು ಹಾಕಿ ಕೂರಿಸುವ ಟೈಟಾನಿಯಂ ಬೋಲ್ಟ್‌ಗಳನ್ನು ಬಳಸುತ್ತಾರೆ. ಕಣ್ಣಿನ ಪರೀಕ್ಷೆಯಿಂದ ಈ ಬಿರುಕು ಪತ್ತೆಯಾಗದು ಎಂಬುದೇ ಇಲ್ಲಿನ ತೊಡಕು. ಹಾಗಾಗಿ ಕಡಲಿಗೆ ತೀರ ಹತ್ತಿರದ ಮಾರ್ಗಗಳಲ್ಲಿ ಬೋಲ್ಟ್‌ಗಳನ್ನು ಯಾವಾಗ, ಯಾವ ಲೋಹದಿಂದ ಬದಲಿಸಿದ್ದಾರೆಂದು ಊರಿನ ಕ್ಲೈಂಬಿಂಗ್ ಅಂಗಡಿಯಲ್ಲಿ ಕೇಳಿ ತಿಳಿದುಕೊಳ್ಳಿ. ಒಂದೇ ಬೋಲ್ಟಿನಿಂದ ಎಂದೂ ಕೆಳಗಿಳಿಯಬೇಡಿ. ಬೋಲ್ಟಿನ ಸುತ್ತ ಕಂದು ಗೆರೆ ಇಳಿದಿದ್ದರೆ, ಅಥವಾ ಕೈಯಲ್ಲಿ ತಿರುಗಿಸಿದಾಗ ಅದು ತಿರುಗಿದರೆ, ಆ ಮಾರ್ಗವನ್ನು ಬಿಟ್ಟು ಪಕ್ಕದ್ದಕ್ಕೆ ಹೋಗಿ.