ಹಳೆಯ ಸಿನಿಮಾ ರಿಸ್ಟೋರ್ ಮಾಡುವಾಗ ಬಣ್ಣದ ವಿಷಯದಲ್ಲಿ ಕೊನೆಯ ಮಾತು ಯಾರದ್ದು, ನಿರ್ದೇಶಕರದ್ದೋ, ಹಳೆಯ ಚಿತ್ರಗಳನ್ನು ಕಾಪಿಡುವ ಆರ್ಕೈವಿನವರದ್ದೋ?

ಕ್ಯಾಮೆರಾದಲ್ಲಿ ಓಡಿದ ಮೂಲ ಫಿಲ್ಮ್, ಅಂದರೆ ನೆಗೆಟಿವ್ ಸಿಕ್ಕಿದೆ, ನಿರ್ದೇಶಕರೂ ಇದ್ದಾರೆ, ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬಣ್ಣ ಸರಿ ಮಾಡಿಬಿಟ್ಟರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಅವರು ಬರಲೇಬೇಕು, ಆದರೆ ಮೊದಲ ದಿನವೇ ಅಲ್ಲ.

ನೆಗೆಟಿವ್‌ನಲ್ಲಿ ಚಿತ್ರದ ವಿವರವೆಲ್ಲ ಇರುತ್ತದೆ. ತೆರೆಯ ಮೇಲೆ ಅದು ಹೇಗೆ ಕಾಣಬೇಕು ಎಂಬ ತೀರ್ಮಾನ ಮಾತ್ರ ಅದರಲ್ಲಿ ಇರುವುದಿಲ್ಲ. ಅದು ಆಗಿದ್ದು ಲ್ಯಾಬ್‌ನಲ್ಲಿ, ಪ್ರಿಂಟ್ ಹಾಕುವಾಗ. ಪ್ರಿಂಟ್ ಹಾಕಲು ನೆಗೆಟಿವ್ ಮೂಲಕ ಹಾಯಿಸುವ ಕೆಂಪು, ಹಸಿರು, ನೀಲಿ ಬೆಳಕಿಗೆ 1ರಿಂದ 50ರವರೆಗೆ ಅಂಕಗಳು. ಒಂದೊಂದು ಶಾಟ್‌ಗೂ ಮೂರು ಅಂಕ ಬರೆದಿಟ್ಟ ಪಟ್ಟಿ. ಅಂಕ ಏರಿದಷ್ಟೂ ಪ್ರಿಂಟ್ ಕಪ್ಪಾಗುತ್ತದೆ.

ಹಗಲಲ್ಲಿ ತೆಗೆದ ರಾತ್ರಿಯ ದೃಶ್ಯವನ್ನೇ ನೋಡಿ. ಸೂರ್ಯನ ಎದುರಿಗೆ ಕ್ಯಾಮೆರಾ ಇಟ್ಟು, ಆಕಾಶ ಆದಷ್ಟು ಕಾಣದಂತೆ ಫ್ರೇಮ್ ಮಾಡಿ, ಆಮೇಲೆ ಲ್ಯಾಬ್‌ನಲ್ಲಿ ಕಪ್ಪಾಗಿಸಿ ನೀಲಿ ಕೊಡುತ್ತಿದ್ದರು. ನೆಗೆಟಿವ್ ಸ್ಕ್ಯಾನ್ ಮಾಡಿದಾಗ ಬರುವುದು ಬರೀ ಬಿಸಿಲು. ವಿಷಯ ತಿಳಿಯದ ಕಲರಿಸ್ಟ್ (ಬಣ್ಣ ಸರಿಪಡಿಸುವವರು) ಅದನ್ನು ಇನ್ನಷ್ಟು ಬೆಳಗಿಸಿದರೆ, ಲಾಟೀನು ಹಿಡಿದ ಪಾತ್ರ ಮಟಮಟ ಮಧ್ಯಾಹ್ನದಲ್ಲಿ ನಡೆದು ಹೋಗುತ್ತದೆ. ಲ್ಯಾಬ್ ಪಟ್ಟಿಯಲ್ಲಿ ಆಚೀಚಿನ ಶಾಟ್‌ಗಳಿಗೆ 27, 28 ಇದ್ದು ಇಲ್ಲಿ ಮಾತ್ರ 40 ಕಂಡರೆ ಉತ್ತರ ಅಲ್ಲೇ ಸಿಕ್ಕಿತು. ಹಾಗಾಗಿ ನೆಗೆಟಿವ್ ಡಬ್ಬಿ ತೆರೆದಾಗ ಒಳಗಿರುವ ಒಂದು ಹರಿದ ಕಾಗದವನ್ನೂ ಎಸೆಯಬೇಡಿ.

ಪಟ್ಟಿ ಸಿಗದಿದ್ದರೆ ಬಿಡುಗಡೆಯ ಕಾಲದ ಪ್ರಿಂಟ್ ಹುಡುಕಿ. ಆದರೆ 1980ಕ್ಕಿಂತ ಹಿಂದಿನ ಈಸ್ಟ್‌ಮನ್ ಕಲರ್ ಪ್ರಿಂಟ್‌ಗಳು ಸಾಮಾನ್ಯವಾಗಿ ಗುಲಾಬಿಗೆ ತಿರುಗಿರುತ್ತವೆ. ಕತ್ತಲೆಯಲ್ಲಿಟ್ಟರೂ ಸಯಾನ್ ಎಂಬ ಹಸಿರು-ನೀಲಿ ವರ್ಣ ಬೇಗ ಮಾಸಿ ಗುಲಾಬಿಯಂಥ ಮೆಜೆಂಟಾ ಉಳಿಯುತ್ತದೆ. ಅಂಥ ಪ್ರಿಂಟ್‌ನ ಬಣ್ಣ ನಂಬಬೇಡಿ. ಯಾವ ಶಾಟ್ ಯಾವುದಕ್ಕಿಂತ ಕಪ್ಪು, ಒಂದು ಶಾಟ್ ಕರಗಿ ಇನ್ನೊಂದು ಮೂಡುವ ಡಿಸಾಲ್ವ್ ಎಷ್ಟು ಫ್ರೇಮ್ ಉದ್ದ ಎಂಬುದನ್ನು ಅದರಿಂದ ಧಾರಾಳವಾಗಿ ತೆಗೆದುಕೊಳ್ಳಿ. ಟೆಕ್ನಿಕಲರ್‌ನ ಡೈ ಟ್ರಾನ್ಸ್‌ಫರ್ ಪ್ರಿಂಟ್ (ಬಣ್ಣಗಳನ್ನು ಒಂದೊಂದಾಗಿ ಫಿಲ್ಮ್ ಮೇಲೆ ಅಚ್ಚೊತ್ತಿದ್ದು) ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ, ಅದರ ಬಣ್ಣ ಅಷ್ಟು ಸುಲಭಕ್ಕೆ ಮಾಸುವುದಿಲ್ಲ. ಪ್ರಿಂಟನ್ನು ಮೇಜಿನ ಬೆಳಕಿನಲ್ಲಿ ನೋಡಿ ತೀರ್ಮಾನಿಸಬೇಡಿ. ಅದು ಗಟ್ಟಿಮುಟ್ಟಾಗಿದ್ದರೆ ಪ್ರೊಜೆಕ್ಟರ್‌ಗೆ ಹಾಕಿ, ಪಕ್ಕದಲ್ಲೇ ಡಿಜಿಟಲ್ ಚಿತ್ರ ಬಿಟ್ಟು ಹೋಲಿಸಿ.

ಈ ಸಾಕ್ಷಿಗಳ ಪ್ರಕಾರ ಎರಡು ರೀಲು ಗ್ರೇಡ್ ಆದ, ಅಂದರೆ ಬಣ್ಣ ಹೊಂದಿಸಿ ಆದ ಮೇಲೆ ನಿರ್ದೇಶಕರನ್ನು ಕರೆಯಿರಿ. 35 ಎಂ.ಎಂ.ನ ಸಾವಿರ ಅಡಿಯ ರೀಲು ಸುಮಾರು 11 ನಿಮಿಷ. ಎರಡು ರೀಲು ಒಂದು ಬೆಳಗಿನ ಮಾತುಕತೆಗೆ ಸಾಕು. ಛಾಯಾಗ್ರಾಹಕರು ಇದ್ದರೆ ಬಣ್ಣದ ವಿಷಯದಲ್ಲಿ ನಾನು ಮೊದಲು ಕೇಳುವುದು ಅವರನ್ನೇ. ಲ್ಯಾಬ್‌ನವರ ಜೊತೆ ಕೂತು ಈ ಅಂಕಗಳನ್ನು ಚರ್ಚಿಸಿದವರು ಹೆಚ್ಚಾಗಿ ಅವರೇ. ನಿರ್ದೇಶಕರಾದರೋ ಬಿಡುಗಡೆಯಾದ ಮೇಲೆ ಆ ಚಿತ್ರವನ್ನು ಎಷ್ಟೋ ವರ್ಷ ಟಿ.ವಿ.ಯಲ್ಲಿ, ಕ್ಯಾಸೆಟ್‌ನಲ್ಲಿ ನೋಡಿರುತ್ತಾರೆ. ನೆನಪಿಗೆ ಆ ಬಣ್ಣವೂ ಬೆರೆತಿರುತ್ತದೆ. ಅದು ಅವರ ತಪ್ಪಲ್ಲ. ಆದ್ದರಿಂದ ‘ಇದು ಸರಿಯಿದೆಯಾ ಸರ್?’ ಎಂದು ಕೇಳಬೇಡಿ, ಅದಕ್ಕೆ ಹೌದು ಅಲ್ಲ ಅಷ್ಟೇ ಉತ್ತರ. ‘ಇದು ನಸುಕೋ, ಮುಸ್ಸಂಜೆಯೋ? ಇವಳ ಸೀರೆ ಯಾವ ಬಣ್ಣದ್ದು? ಲೆನ್ಸ್ ಮುಂದೆ ಫಿಲ್ಟರ್ ಇತ್ತಾ?’ ಎಂದು ಕೇಳಿದರೆ ಅವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲದ ಸಂಗತಿಗಳು ಹೊರಬರುತ್ತವೆ. ಎರಡು ಗಂಟೆ ದಾಟಿಸಬೇಡಿ. ಕತ್ತಲೆಯಲ್ಲಿ ಕೂತ ಕಣ್ಣು ಹಳದಿ ಛಾಯೆಯನ್ನೂ ಬಿಳಿ ಎಂದೇ ಒಪ್ಪಿಕೊಂಡುಬಿಡುತ್ತದೆ.

ಆ ದೃಶ್ಯ ತೆಗೆದುಬಿಡಿ, ಈ ಹಾಡಿನ ಬಣ್ಣ ಬದಲಿಸಿ ಎಂದು ಅವರು ಹೇಳಿದರೆ? ಅದು ಅವರ ಕೃತಿ, ಆಸೆ ಸಹಜ. ಹಕ್ಕುದಾರರು ಒಪ್ಪಿದರೆ ಅದನ್ನು ಬೇರೆ ಆವೃತ್ತಿಯಾಗಿ, ಬೇರೆ ಹೆಸರಿಟ್ಟು ಮಾಡಿ. ಬಿಡುಗಡೆಯಾದ ರೂಪ ಬೇರೆಯಾಗಿ ಉಳಿಯಲೇಬೇಕು. 1938ರಲ್ಲಿ ಶುರುವಾದ ಆರ್ಕೈವ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಫ್‌ನ ನೀತಿಸಂಹಿತೆಯೂ ಮೂಲದ ಸ್ವರೂಪ ಕೆಡಿಸಬಾರದು ಎನ್ನುತ್ತದೆ. ಈ ಒಂದು ವಿಷಯದಲ್ಲಿ ಆರ್ಕೈವಿನವರು ಜಗ್ಗಬಾರದು.

ಧೂಳು ತೆಗೆಯುವ ಸಾಫ್ಟ್‌ವೇರ್ ಬಗ್ಗೆಯೂ ಎಚ್ಚರ. ಒಂದೇ ಫ್ರೇಮ್‌ನಲ್ಲಿ ಕಂಡು ಮಾಯವಾಗುವುದೆಲ್ಲ ಅದಕ್ಕೆ ಧೂಳೇ, ಮಳೆಹನಿಯೂ ಸೇರಿ, ಬೆಂಕಿಯ ಕಿಡಿಯೂ ಸೇರಿ. ಫಿಲ್ಮ್‌ನ ಸಹಜ ಕಣಕಣದ ಗ್ರೇನ್ ಪೂರಾ ಒರೆಸಿದರೆ ಮುಖಗಳು ಮೇಣದ ಹಾಗೆ ಕಾಣುತ್ತವೆ.

ಎರಡೂವರೆ ಗಂಟೆಯ ಚಿತ್ರವೆಂದರೆ 2,16,000 ಫ್ರೇಮ್. ಒಂದೊಂದು ಫ್ರೇಮನ್ನೂ ಬೇರೆ ಫೈಲಾಗಿ ಇಡುವ 4ಕೆ, 10 ಬಿಟ್ ಡಿಪಿಎಕ್ಸ್‌ನಲ್ಲಿ ಒಂದಕ್ಕೆ ಸುಮಾರು 50 ಎಂ.ಬಿ.ಯಂತೆ 11 ಟೆರಾಬೈಟ್ ಹತ್ತಿರ ಬರುತ್ತದೆ. ದೊಡ್ಡದಾಯಿತೆಂದು ಕೈ ಹಾಕದ ಆ ಮೂಲ ಸ್ಕ್ಯಾನನ್ನು ಅಳಿಸಬೇಡಿ. ಡೇಟಾ ಬಹುಕಾಲ ಇಡಲು ಬಳಸುವ ಎಲ್‌ಟಿಒ ಟೇಪಿನಲ್ಲಿ ಎರಡು ಪ್ರತಿ ಮಾಡಿ ಎರಡು ಬೇರೆ ಊರುಗಳಲ್ಲಿಡಿ. ಜೊತೆಗೆ, ಯಾವ ಶಾಟ್ ಯಾರ ಮಾತಿನ ಮೇಲೆ, ಯಾವ ಸಾಕ್ಷಿ ನೋಡಿ ಬದಲಾಯಿತು ಎಂದು ಬರೆದ ಪಟ್ಟಿಯೂ ಇರಲಿ.